ಯಾವ ಕಮ್ಮಿ?

"ಕಮ್ಮಿ! ಕಮ್ಮಿ!" ಎಂದು ನಾನು ಕೂಗಿದಷ್ಟೂ ಎಂಜಿನ್ ಇನ್ನಷ್ಟು ಅಬ್ಬರಿಸುತ್ತಿತ್ತು. ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನ ಕೆಳಗೆ, ನನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಎರಡು ಕಾರ್ಬುರೇಟರ್‌ಗಳನ್ನು ಹೊಂದಿಸುತ್ತಿದ್ದೆವು. ಎರಡೂ ಸಮನಾಗಿ ಗಾಳಿ ಎಳೆಯಬೇಕು. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಅವುಗಳ ಬಾಯಿಗೆ ಹಿಡಿದು ನಾನು ಸದ್ದು ಕೇಳುತ್ತಿದ್ದೆ. ಸ್ಕ್ರೂ ತಿರುಗಿಸುವುದು ದೆಹಲಿಯಲ್ಲೇ ಬೆಳೆದ ಮಗಳ ಕೆಲಸ. ಮರುದಿನವೇ ರ‍್ಯಾಲಿ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೊನೆಗೆ ಎಂಜಿನ್ ಆಫ್ ಮಾಡಿ, "ಕನ್ನಡ ಅರ್ಥ ಆಗಲ್ವೇನೇ?" ಎಂದು ರೇಗಿದೆ.

"ಪಪ್ಪಾ, ಸಾಂಬಾರಿಗೆ ಉಪ್ಪು ಕಮ್ಮಿ ಅಂದ್ರೆ ಇನ್ನೂ ಹಾಕ್ತೀವಲ್ಲಾ? ನಾನೂ ಜಾಸ್ತಿ ಮಾಡ್ದೆ, ಔರ್ ಕ್ಯಾ!" ಎಂದವಳೇ ಸ್ಕ್ರೂಡ್ರೈವರನ್ನು ನನ್ನ ಕೈಗೆ ತುರುಕಿದಳು.

ಆಮೇಲೆ ಎಂಜಿನ್ ಸದ್ದು ಹದಕ್ಕೆ ಬಂತು; ನನ್ನ ಮನಸ್ಸು ಬರಲಿಲ್ಲ. ಮೈಸೂರಿಗೆ ಎಸ್‌ಟಿಡಿ ಮಾಡಿದಾಗಲೆಲ್ಲ, ಅವಳೆದುರೇ, "ನಮ್ಮ ಹುಡುಗಿಗೆ ಮಾತು ಕಮ್ಮಿ" ಎಂದು ಅಮ್ಮನ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಅವಳಿಗೆ ಅದು ಯಾವ ಕಮ್ಮಿಯಾಗಿ ಕೇಳಿಸುತ್ತಿತ್ತೋ!