ಎಡೆಗೊಂದು ಸಾರು, ಮೇಜಿಗೊಂದು ಸಾರು

ಲೈಪ್ಜಿಗ್ ನಗರದ ಪೂರ್ವ ತುದಿಯ ಆ ಬೀದಿಗೆ ಮೊದಲ ಟ್ರಾಮ್ ಇನ್ನೂ ಬಂದಿಲ್ಲ. ಲಾಮ್‌ನ ಹೋಟೆಲಿನ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಡುಗೆಯ ಹಿರಿಯಾಕೆ ಮೂಯ್ ಶುಂಠಿ, ಈರುಳ್ಳಿಯನ್ನು ನೇರ ಬೆಂಕಿಯ ಮೇಲಿಟ್ಟು ಸಿಪ್ಪೆ ಕಪ್ಪಾಗುವ ತನಕ ಸುಡುತ್ತಿದ್ದಾರೆ. ಸುಟ್ಟದ್ದನ್ನು ಉಜ್ಜಿ ತೊಳೆದು, ಚಕ್ಕೆ, ಚಕ್ರಮೊಗ್ಗು ಕಟ್ಟಿದ ಬಟ್ಟೆಯ ಗಂಟಿನ ಜೊತೆ ದೊಡ್ಡ ಪಾತ್ರೆಗೆ ಬಿಡುತ್ತಾರೆ. ಅದರಲ್ಲಿ ನಿನ್ನೆ ಸಂಜೆಯಿಂದ ದನದ ಮೂಳೆ ಸಣ್ಣ ಉರಿಯಲ್ಲಿ ಬೇಯುತ್ತಿದೆ. ನೊರೆ ತೆಗೆದು ತೆಗೆದು ಸಾರು ಎಷ್ಟು ತಿಳಿಯಾಗಿದೆಯೆಂದರೆ ಸೌಟಿನ ತಳ ಕಾಣುತ್ತದೆ.

ಶುಂಠಿಯ ಘಮ ಏರಿದ ಮೇಲೆ ಮೊದಲ ಬಟ್ಟಲು ತುಂಬುತ್ತಾರೆ. ಒಂದು ಹನಿಯನ್ನೂ ನಾಲಿಗೆಗೆ ತಾಗಿಸದೆ, ಒಲೆಯ ಮೇಲಿನ ಗೂಡಿನಲ್ಲಿರುವ ಒಲೆದೇವರ ಪಟದ ಮುಂದೆ ಇಟ್ಟು, ತೀರಿಹೋದವರೊಬ್ಬರನ್ನು ಕರೆಯುತ್ತಾರೆ. "ಹ್ವಾನಣ್ಣ, ಬಿಸಿ ಇದೆ, ನಿಧಾನಕ್ಕೆ ಕುಡಿ. ಮಧ್ಯಾಹ್ನ ಒಳಕೋಣೇಲಿ ಕೊಡೋದನ್ನ ಮುಟ್ಟಬೇಡ."

ಹ್ವಾನ್ ಹೋಟೆಲಿನ ಹಿಂದಿನ ಯಜಮಾನ, ಲಾಮ್‌ನ ಅಪ್ಪ. ಇವತ್ತು ಅವರ ತಿಥಿ.

ಮೂಯ್ ಹುಟ್ಟಿದ್ದು ವಿಯೆಟ್ನಾಮಿನ ನಾಮ್ ದಿನ್ ಸೀಮೆಯ ಹಳ್ಳಿಯಲ್ಲಿ, ಅಲ್ಲಿನ ಪಂಚಾಂಗದ ಮೇಕೆ ವರ್ಷದಲ್ಲಿ. ಆ ಸೀಮೆಯಲ್ಲಿ ಮೂಳೆ ಸಾರಿಗೆ ಅಕ್ಕಿ ಶಾವಿಗೆ ಹಾಕಿದ ಫೊ ಕೆಟ್ಟರೆ ಮದುವೆಯೇ ಕೆಟ್ಟಂತೆ ಜನ ಮಾತಾಡುತ್ತಾರೆ. ಇಪ್ಪತ್ತರ ವಯಸ್ಸಿಗೆ ಇಲ್ಲಿನ ಹತ್ತಿ ಗಿರಣಿಗೆ ನೂಲುವ ಕೆಲಸಕ್ಕೆ ಬಂದರು. ಬರ್ಲಿನ್ ಗೋಡೆ ಬಿತ್ತು, ಗಿರಣಿಗೆ ಬೀಗ ಬಿತ್ತು. ಆಗ ಹ್ವಾನ್, ಅವರ ಹೆಂಡತಿ ನ್ಯಾನ್ ಮತ್ತು ಮೂಯ್ ಸೇರಿ ಸಂತೆಯಲ್ಲಿ ತಳ್ಳುಗಾಡಿ ಇಟ್ಟರು. ಚಳಿಗೆ ಬೆರಳು ಸೆಟೆದುಕೊಂಡರೂ ಸಾರು ಮಾತ್ರ ಹದ ತಪ್ಪಲಿಲ್ಲ. ಈ ಹೋಟೆಲು ಎದ್ದು ನಿಂತದ್ದು ಆ ಸಾರಿನ ಮೇಲೆ.

ಈಗ ಯಜಮಾನಿಕೆ ಮಗನದು. ಕಳೆದ ಚಳಿಗಾಲದಲ್ಲಿ ಲಾಮ್ ಒಂದು ಬಕೆಟ್ ತಂದಿಟ್ಟ. ಒಳಗೆ ಕಂದು ಬಣ್ಣದ ಅಂಟು. ಒಂದು ಸೌಟು ಅಂಟಿಗೆ ಒಂದು ಪಾತ್ರೆ ಬಿಸಿನೀರು, ಸಾರು ಸಿದ್ಧ. ಮೂಯ್ ಬೇಡವೆಂದರು.

"ಚಿಕ್ಕಮ್ಮ, ಈ ಜರ್ಮನ್ನರಿಗೆ ಏನ್ ಗೊತ್ತಾಗುತ್ತೆ?" ಎಂದ ಲಾಮ್. "ಬಿಸಿ ಇರ್ಬೇಕು, ಒಂಚೂರು ಸಿಹಿ ಇರ್ಬೇಕು. ಅಷ್ಟೇ."

ಅಂದಿನಿಂದ ದೊಡ್ಡ ಪಾತ್ರೆಯಲ್ಲಿ ಗಿರಾಕಿಗಳಿಗೆ ಬಕೆಟ್ ಸಾರು, ಹಿಂದಿನ ಚಿಕ್ಕ ಪಾತ್ರೆಯಲ್ಲಿ ಮನೆಯವರಿಗೂ ಕೆಲಸದವರಿಗೂ ಮೂಳೆ ಸಾರು. ಲಾಮ್ ಕುಡಿಯುವುದೂ ಚಿಕ್ಕ ಪಾತ್ರೆಯದನ್ನೇ. ತಾನು ಬಾಯಿಗಿಡಲಾರದ್ದನ್ನು ಊರಿಗೆ ಬಡಿಸುವುದಕ್ಕೆ ವ್ಯಾಪಾರ ಎಂಬ ಹೆಸರಿದ್ದರೆ, ಮೋಸಕ್ಕೆ ಬೇರೆ ಯಾವ ಹೆಸರಿಡಬೇಕೋ ತಿಳಿಯದು.

ಜನಕ್ಕೆ ನಾಲಿಗೆ ಇದೆ. ಗೊತ್ತಾಗಿಯೇ ಬಿಟ್ಟಿತು. 'ನಿರಾಶೆಯ ಊಟ' ಎಂದು ಒಬ್ಬರು ಫೋನಿನಲ್ಲಿ ಬರೆದರು. 'ಸೊಪ್ಪು ತೊಳೆದ ನೀರು' ಎಂದು ಇನ್ನೊಬ್ಬರು. ಆದರೆ ಬೈಗುಳ ಬಿದ್ದದ್ದು ಯಾರಿಗೆ? ಅಡುಗೆಮನೆಗೆ ಊಟದ ಕೋಣೆಯ ಕಡೆಗೊಂದು ದೊಡ್ಡ ಗಾಜಿನ ಕಿಟಕಿಯಿದೆ. ಊಟಕ್ಕೆ ಬಂದವರಿಗೆ ಕಾಣುವುದು ಸೌಟು ಹಿಡಿದ ಮೂಯ್, ಬಕೆಟ್ಟಲ್ಲ. 'ಮುದುಕಿಯ ಕೈ ಕೆಟ್ಟಿದೆ' ಎಂದೇ ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಯಾರೋ ಬರೆದದ್ದನ್ನು ಮೂಯ್ ಲೆಕ್ಕಕ್ಕಿಡಲಿಲ್ಲ. ಚುಚ್ಚಿದ್ದು ಗೆರ್ಲಿಂಡ್ ಮಾತು. ಗೆರ್ಲಿಂಡ್ ಒಂದು ಕಾಲಕ್ಕೆ ಗಿರಣಿಯಲ್ಲಿ ಮೂಯ್‌ಗೆ ಮೇಲ್ವಿಚಾರಕಿ. ತಳ್ಳುಗಾಡಿಯ ದಿನದಿಂದಲೂ ಬುಧವಾರದ ಗಿರಾಕಿ. ಹೋದ ಬುಧವಾರ ಅರ್ಧಕ್ಕೇ ಬಿಟ್ಟ ಬಟ್ಟಲನ್ನು ಕಿಟಕಿಯಲ್ಲಿ ವಾಪಸು ಇಟ್ಟರು.

"ಏನೇ ಮೂಯ್, ನಾಲಿಗೆ ಸತ್ತೋಯ್ತಾ? ವಯಸ್ಸಾಯ್ತು ಬಿಡು. ಮನೇಲಿ ಕೂತ್ಕೋ."

ಮೂಯ್ ಬಟ್ಟಲನ್ನು ಒಳಗೆ ತೆಗೆದುಕೊಂಡರು. "ಬಾಗಿಲು ಹಾಕ್ಕೊಂಡು ಜಗಳ ಆಡ್ಬೇಕು, ಬೀದೀಲಲ್ಲ. ನಮ್ಮಲ್ಲಿ ಹಾಗೇನೆ," ಎನ್ನುತ್ತಾರೆ ಈಗ. "ಅದಕ್ಕೇ ನುಂಗ್ಕೊಂಡೆ. ಆದ್ರೆ ಮೂವತ್ತು ವರ್ಷದ ಮೇಲೆ ಈ ಕೈಯಿಂದ ಉಂಡೋಳು ಹಾಗಂದ್ಳಲ್ಲ, ರಾತ್ರಿ ನಿದ್ದೆ ಬರ್ಲಿಲ್ಲ."

ನಿನ್ನೆ ಲಾಮ್ ತಾನೇ ಮೂಳೆಯ ಕ್ರೇಟು ಹೊತ್ತು ತಂದ. "ಚಿಕ್ಕಮ್ಮ, ಅಪ್ಪನ ಎಡೆಗೆ ಒಳ್ಳೇ ಸಾರಾಗ್ಬೇಕು. ಅಪ್ಪನ ಕಾಲದ್ದು."

ಮೂಯ್ ಆಗಲಿ ಎಂದರು. ಮೂಳೆಯನ್ನು ದೊಡ್ಡ ಪಾತ್ರೆಗೆ ಹಾಕಿದರು. ಬೆಳಿಗ್ಗೆ ಚಿಕ್ಕ ಪಾತ್ರೆಗೆ ಬಕೆಟ್ಟಿನಿಂದ ಒಂದು ಸೌಟು ಅಂಟು, ಮೇಲೆ ಬಿಸಿನೀರು.

ಎಡೆಗಿಡುವ ಅಡುಗೆಯನ್ನು ಮೊದಲೇ ರುಚಿ ನೋಡುವ ಹಾಗಿಲ್ಲ. ಹೋದವರು ಉಂಡ ಮೇಲೆ ಇದ್ದವರು. ಹಾಗಾಗಿ ಮಧ್ಯಾಹ್ನ ಒಳಕೋಣೆಯಲ್ಲಿ, ಹ್ವಾನ್ ಪಟದ ಮುಂದೆ ಊದುಬತ್ತಿ ಉರಿದು ಮುಗಿಯುವ ತನಕ ಯಾರಿಗೂ ಏನೂ ತಿಳಿಯುವುದಿಲ್ಲ. ಆಮೇಲೆ ಬಟ್ಟಲುಗಳು ಚಾಪೆಗೆ ಇಳಿಯುತ್ತವೆ. ಕಿರಿಯರು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆಯುತ್ತಾರೆ. ಮೊದಲ ಚಮಚ ನ್ಯಾನ್ ಅವರದು. ಅವರು ಚಮಚ ಕೆಳಗಿಡುತ್ತಾರೆ.

"ಲಾಮ್, ಇದೇನೋ ಇದು?"

ಲಾಮ್ ಒಂದು ಗುಟುಕು ಕುಡಿದು ಅಡುಗೆಮನೆಯ ಕಡೆ ನೋಡುತ್ತಾನೆ. ಮೂಯ್ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಿದ್ದಾರೆ.

"ಚಿಕ್ಕಮ್ಮ, ನಾನು ಮೂಳೆ ತಂದ್ಕೊಟ್ಟಿದ್ನಲ್ಲ?"

"ತಂದ್ಕೊಟ್ಟೆ. ಅದು ಗಿರಾಕಿಗಳ ಮೇಜಿಗೆ ಹೋಯ್ತು. ಇದು ಬಕೆಟ್ಟಿಂದು, ಜನಕ್ಕೆ ದಿನಾ ಕೊಡ್ತೀವಲ್ಲ, ಅದೇ."

"ಅಪ್ಪನ ಎಡೆಗೆ ಇದನ್ನ ಇಟ್ರಾ? ತಿಥಿ ದಿನ ನನ್ನ ಮಾನ ಕಳೆದ್ರಲ್ಲ."

"ನನ್ನ ಮಾನ ಚಳಿಗಾಲದಿಂದ ಆ ಕಿಟಕೀಲಿ ನಿಂತು ಹೋಗ್ತಿದೆ, ನಿಂಗೆ ಕಾಣ್ಲಿಲ್ಲ. ಅಪ್ಪನ ಮುಂದೆ ಇಡಬಾರದ್ದನ್ನ ದುಡ್ಡು ಕೊಟ್ಟು ಬಂದೋರ ಮುಂದೆ ಹೇಗಪ್ಪ ಇಡ್ತೀಯ?"

ನ್ಯಾನ್ ಮಗನ ಮುಖ ನೋಡುತ್ತಾರೆ. ಮಗ ಚಾಪೆ ನೋಡುತ್ತಾನೆ.

"ಹಾಗಾದ್ರೆ ಇವತ್ತು ನಿಮ್ಮಣ್ಣ ಉಪವಾಸವೇನೇ?" ನ್ಯಾನ್ ಮೂಯ್ ಕಡೆ ತಿರುಗುತ್ತಾರೆ.

"ಇಲ್ಲ ನ್ಯಾನಕ್ಕ. ಅಣ್ಣಂಗೆ ಬೆಳಗ್ಗೇನೇ ಆಯ್ತು. ಒಲೆ ಗೂಡಲ್ಲಿ ಬಟ್ಟಲು ಇದೆ ನೋಡು. ಇದು ಅಣ್ಣಂಗಲ್ಲ, ಅವನ ಮಗಂಗೆ."

ನ್ಯಾನ್ ಎದ್ದು ಹೋಗಿ ನೋಡಿ ಬರುತ್ತಾರೆ. ಕೂತು, ತನ್ನ ಬಟ್ಟಲನ್ನು ಲಾಮ್‌ನ ಮುಂದಕ್ಕೆ ತಳ್ಳುತ್ತಾರೆ. "ಎಡೆ ಇಟ್ಟಿದ್ದನ್ನ ಚೆಲ್ಲೋ ಹಾಗಿಲ್ಲ. ಕುಡಿ. ನಿಂದಾದ್ಮೇಲೆ ನಂದೂ ಕುಡಿ."

ಮಾಡಿದ್ದುಣ್ಣೋ ಮಹರಾಯ. ಎರಡನೆಯ ಬಟ್ಟಲಿನ ಅರ್ಧಕ್ಕೆ ಬರುವ ಹೊತ್ತಿಗೆ ಲಾಮ್‌ನ ಮುಖ ಕಿವುಚಿಕೊಂಡಿದೆ.

ಇವತ್ತು ಬುಧವಾರ. ಊಟದ ಕೋಣೆಯಲ್ಲಿ ಗೆರ್ಲಿಂಡ್ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊನೆಯ ಗುಟುಕು ಬರಿದು ಮಾಡುತ್ತಾರೆ. ಕಿಟಕಿಗೆ ಬಂದು ನಿಲ್ಲುತ್ತಾರೆ.

"ಏನೇ, ನಾಲಿಗೆ ವಾಪಸ್ ಬಂತಾ?"

"ಅದು ಎಲ್ಲೂ ಹೋಗಿರ್ಲಿಲ್ಲ," ಎನ್ನುತ್ತಾರೆ ಮೂಯ್. ಬಕೆಟ್ಟಿನ ವಿಷಯ ಈಗಲೂ ಎತ್ತುವುದಿಲ್ಲ. ಅದು ಬಾಗಿಲ ಒಳಗಿನ ಮಾತು.

ಸಂಜೆ ಲಾಮ್ ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಾನೆ. ಸಿಟ್ಟು ಇಳಿದಿಲ್ಲ, ನಾಚಿಕೆಯೂ ಇಳಿದಿಲ್ಲ. "ಈಗ ಏನ್ ಮಾಡ್ಬೇಕು ಅಂತೀರ ಚಿಕ್ಕಮ್ಮ? ನಿಮ್ಗೇನ್ ಬೇಕು?"

ಮೂಯ್ ಚಿಕ್ಕ ಪಾತ್ರೆಯನ್ನು ತಿಕ್ಕಿ, ಒರೆಸಿ, ಅಟ್ಟದ ಮೇಲೆ ಬೋರಲು ಹಾಕುತ್ತಾರೆ.

"ನಂಗೇನೂ ಬೇಡಪ್ಪ. ಒಂದೇ ಪಾತ್ರೆ ಇರ್ಲಿ. ಪಟದಲ್ಲಿರೋರಿಗೂ ಅದೇ, ಮೇಜಲ್ಲಿರೋರಿಗೂ ಅದೇ."