ಗಾದಿ ಅಂಗಡಿಯಲ್ಲಿ ಚೀನೀ ಹಾಡು

ರೋಣದಲ್ಲಿ ಗದಗದ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಗಾದಿ ಅಂಗಡಿಯಲ್ಲಿ, ಸೀಡಿಗಳ ಈ ಕಾಲದಲ್ಲೂ ಉಳಿದುಕೊಂಡಿದ್ದ ಟೇಪ್ ರೆಕಾರ್ಡರಿನಿಂದ ಅವಳ ದನಿ ಬಂತು. ಹಳೆಯ ಚೀನೀ ಸಿನಿಮಾಗಳ ನಟಿ, ಗಾಯಕಿ. ಇಪ್ಪತ್ತು ವರ್ಷಗಳಿಂದ ಅವಳ ಹಾಡುಗಳನ್ನು ಹುಡುಕಿ ಕೂಡಿಟ್ಟವನು ನಾನು. ಈ ಸೀಮೆಯಲ್ಲಿ ಅವಳು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಹೊಟ್ಟೆ ಉರಿಯಿತು.

ಒಳಗೆ ಮುದುಕರೊಬ್ಬರು ಬಿಲ್ಲಿನ ತಂತಿ ಮಿಡಿಯುತ್ತ ಹತ್ತಿ ಹಿಂಜುತ್ತಿದ್ದರು. "ಇವಳ ಹಾಡುಗಳು ನನಗೆ ಗೊತ್ತು. ಈ ಕ್ಯಾಸೆಟ್ ಎಲ್ಲಿ ಸಿಕ್ಕಿತು?" ಎಂದೆ, ತುಸು ಗಡಸಾಗಿಯೇ.

"ನಮ್ಮ ಅಳಿಯ ದುಬೈದಾಗ ಅದಾನ್ರಿ. ಅವನ ಖೋಲಿಯಾಗಿನ ಚೀನಾದಾಂವ ಕೊಟ್ಟಾನ. ಮಾತು ತಿಳಿಯಂಗಿಲ್ಲ, ಆದ್ರ ದಿನಾ ಕೇಳ್ತೀನ್ರಿ."

ಬಿಲ್ಲಿನ ದನಿ ಬದಲಾಯಿತೆಂದು ಅವರು ಕೈ ನಿಲ್ಲಿಸಿ, ಅರಳೆಯೊಳಗೆ ಉಳಿದಿದ್ದ ಒಂದು ಹತ್ತಿಕಾಳನ್ನು ಹೆಕ್ಕಿ ಎಸೆದರು. ನನಗೆ ಯಾವ ಬದಲಾವಣೆಯೂ ಕೇಳಿಸಿರಲಿಲ್ಲ.

"ನೋಡಾಕ ಹ್ಯಾಂಗಿದ್ಲರಿ ಆಕಿ?" ಎಂದು ಕೇಳಿದರು.

ಅವಳ ಫೋಟೋ ನನ್ನ ಚೀಲದಲ್ಲೇ ಇತ್ತು. "ನಾನೂ ನೋಡಿಲ್ಲ" ಎಂದುಬಿಟ್ಟೆ.

"ಮುಂದಿನ ಹಲ್ಲೊಂದು ಓರೆ ಇರಬೇಕ್ರಿ. ಸ ಅಂದಾಗ ಒಂದೀಟ ಗಾಳಿ ಸೋರತೈತಿ. ನನಗ ಅದ ಭಾಳ ಚಲೋ ಅನಸತೈತಿ."

ಬಸ್ಸು ಬಂತು. ಕಿಟಕಿಯ ಪಕ್ಕ ಕುಳಿತು ಫೋಟೋ ತೆಗೆದೆ. ಇಷ್ಟು ವರ್ಷ ನಾನು ನೋಡುತ್ತಲೇ ಇದ್ದ ಆ ನಗುವಿನಲ್ಲಿ, ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ತುಸು ಏರಿ ನಿಂತಿತ್ತು.