ಬಾಯಮ್ಮನ ಗೆಸ್ಟ್

ಕಳೆದ ಶುಕ್ರವಾರ ಲಿಫ್ಟಿನ ಬಾಗಿಲು ತೆರೆದದ್ದೇ ಕ್ಲೋರಿನ್ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಟೆರೇಸಿನ ಈಜುಕೊಳದಿಂದ ಯಾರೋ ಒದ್ದೆ ಮೈಯಲ್ಲೇ ಇಳಿದಿರಬೇಕು. ನನಗೆ ಮಾತ್ರ ಎದುರು ಫ್ಲಾಟಿನ ಬಾಯಮ್ಮ ಪಕ್ಕದಲ್ಲೇ ನಿಂತಂತಾಯಿತು... ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ.

ಅವರ ಪರಿಚಯವಾದಾಗ ನಾನು ಮದುವೆಯಾಗಿ ಮಂಗಳೂರಿನಿಂದ ಗಲ್ಫಿನ ಬಿನ್ ಒಮ್ರಾನ್ ಬಡಾವಣೆಯ ಈ ಕಟ್ಟಡಕ್ಕೆ ಬಂದ ಹೊಸತು. ಕೊಳದ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದು "ಮಾಫಿ, ಮಾಫಿ" ಎಂದ. ಪಾಪ, ಕ್ಷಮೆ ಕೇಳುತ್ತಿದ್ದಾನೆ ಎಂದುಕೊಂಡು, ಪರವಾಗಿಲ್ಲ ಬಿಡಿ ಎಂದು ಒಳಗೆ ನಡೆದೇಬಿಟ್ಟೆ! ಅವನು ಹಿಂದೆಯೇ ಓಡಿಬಂದು, ನಿನ್ನ ಮೇಡಂ ಎಲ್ಲಿ ಎಂದು ಹಿಂದಿಯಲ್ಲಿ ಗದರಿದ. ಅರಬಿಯಲ್ಲಿ ಮಾಫಿ ಎಂದರೆ ‘ಇಲ್ಲ’ ಎಂದು ಬಾಯಮ್ಮನೇ ಹೇಳಬೇಕಾಯಿತು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮುಖ ಕೆಂಪಾಯಿತು.

"ನಿನ್ನ ಕಪ್ಪು ಬಣ್ಣ ನೋಡಿ ಕೆಲಸದವಳು ಅಂತ ಗ್ರಹಿಸಿದ್ದು ಮಾರಾಯ್ತಿ. ಅಲ್ಲಿ ಈಜುವ ಬಿಳಿ ಹೆಂಗಸರನ್ನು ಯಾರಾದ್ರೂ ಹಾಗೆ ಕೇಳ್ತಾರಾ?"

ಮನೆಕೆಲಸದವರು ನೀರಿಗಿಳಿಯಬಾರದೆಂದು ಗೋಡೆಯಲ್ಲಿ ಬೋರ್ಡೇ ಇತ್ತು. ಆದರೆ ಕೊಳದ ಅಂಚಿನಲ್ಲಿ ಕೂತು ಮಕ್ಕಳನ್ನು ಕಾಯುತ್ತಿದ್ದವರು ಅವರೇ! ಮೂರನೇ ಮಹಡಿಯ ಮನೆಯೊಂದರಲ್ಲಿದ್ದ ಕೀನ್ಯಾದ ಆಯಾಗೆ ಮೊಣಕಾಲುದ್ದ ನೀರೆಂದರೂ ಭಯ. ಮಗು ಆಳದ ಕಡೆ ಸರಿದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತಿತ್ತು. ಮಗು ಮುಳುಗಿದರೆ ಹಾರಬೇಕಾದವಳು ಇವಳು, ಇವಳೇ ಈಜು ಕಲಿಯಬಾರದಂತೆ ಎಂದು ಬಾಯಮ್ಮ ಕುದಿಯುತ್ತಿದ್ದರು.

ಅವರು ಶಿಪ್ಪಿಂಗ್ ಕಚೇರಿಯಲ್ಲಿ ಗುಮಾಸ್ತೆ, ಉಡುಪಿ ಕಡೆಯ ಹೊಳೆಯಲ್ಲಿ ಈಜಿ ಬೆಳೆದವರು. ಜಗಳಕ್ಕೆ ಹೋಗಲಿಲ್ಲ. ಬೋರ್ಡನ್ನು ಕೊನೆಯವರೆಗೆ ಓದಿದರು. ಒಂದು ಫ್ಲಾಟಿಗೆ ಒಬ್ಬ ಗೆಸ್ಟ್ ಬರಬಹುದು ಎಂದು ಅದರಲ್ಲೇ ಬರೆದಿತ್ತು. ಮುಂದಿನ ಶುಕ್ರವಾರ ಹೆಂಗಸರಿಗೆ ಮೀಸಲಾದ ಸಮಯಕ್ಕೆ ಸರಿಯಾಗಿ ಆಯಾಳ ಕೈ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಇವತ್ತು ಇವಳಿಗೆ ರಜೆ. ಯಾರ ಕೆಲಸದವಳೂ ಅಲ್ಲ, ನನ್ನ ಗೆಸ್ಟ್. ಯಲ್ಲಾ, ಬೇಗ ದಾರಿ ಬಿಡು."

ಕಾವಲುಗಾರ ಪಕ್ಕಕ್ಕೆ ಸರಿದ. ನೋಡನೋಡುತ್ತ ಕಟ್ಟಡದ ಉಳಿದ ಹೆಂಗಸರಾದ ನಾವೂ ಒಬ್ಬೊಬ್ಬ ಆಯಾಳನ್ನು ಗೆಸ್ಟ್ ಮಾಡಿಕೊಂಡೆವು. ಕೀನ್ಯಾದವಳು ನೀರು ಕುಡಿದಳು, ಕೆಮ್ಮಿದಳು, ಬಾಯಮ್ಮನಿಂದ ಬೇಕಾದಷ್ಟು ಬೈಸಿಕೊಂಡಳು. ಒಂದು ದಿನ ಕೊಳದ ಆಚೆ ತುದಿ ಮುಟ್ಟಿಯೇಬಿಟ್ಟಳು! ನಮ್ಮ ಚಪ್ಪಾಳೆಗೆ ಕೆಳಗಿನ ಬೀದಿಯವರೂ ತಲೆಯೆತ್ತಿ ನೋಡಿರಬೇಕು. ಕೆಲವು ತಿಂಗಳಲ್ಲಿ ಮ್ಯಾನೇಜರ್ ಆ ಬೋರ್ಡನ್ನು ತಾನೇ ತೆಗೆಸಿದ. ಆ ದಿನ ಬಾಯಮ್ಮ ಇಡೀ ಕಟ್ಟಡಕ್ಕೆ ನೀರುದೋಸೆ ಹಂಚಿದರು...

ಕಳೆದ ಶುಕ್ರವಾರ ನಾನು ಮೇಲೆ ಹೋದಾಗ ಅಲ್ಲಿ ಗಲಾಟೆಯೋ ಗಲಾಟೆ. ಆಳದಲ್ಲಿ ಮುಳುಗುತ್ತಿದ್ದ ಪುಟ್ಟ ಹುಡುಗಿಯನ್ನು ಅದೇ ಕೀನ್ಯಾದ ಆಯಾ ಹಾರಿ ಎತ್ತಿದ್ದಳು. ಹುಡುಗಿ ಅಮ್ಮನ ತೋಳಲ್ಲಿ ಗಟ್ಟಿಯಾಗಿ ಅಳುತ್ತಿದ್ದಳು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿರಲಿಲ್ಲ.

ಬಾಯಮ್ಮ ಊರಿಗೆ ಮರಳಿ, ಅಲ್ಲೇ ತೀರಿಕೊಂಡು ವರ್ಷವಾಯಿತು. ಅವರಿದ್ದಿದ್ದರೆ ಏನೆನ್ನುತ್ತಿದ್ದರು ಎಂದು ಆಯಾ ಕೇಳಿದಳು. ಇನ್ನೂ ಬೇಗ ಹಾರಬೇಕಿತ್ತು ಎಂದು ಬೈಯುತ್ತಿದ್ದರು ಎಂದೆ. ಇಬ್ಬರೂ ನಕ್ಕೆವು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಆ ಬೈಗುಳ ಕೇಳಬೇಕಾಗಿದ್ದ ದಿನವೇ ಅವರಿಲ್ಲವಲ್ಲ...